ಹುಳಕ್ಕೆ ‘ಸೇರಲ್ಲ’, ‘ಒಗ್ಗಲ್ಲ’: ಎರಡಕ್ಕೂ ‘ನಿರೋಧಕ’ ಸಾಕಾ?

ಎಲ್ರಿಗೂ ನಮಸ್ಕಾರ, ಸಾಗರದಿಂದ ಬರೀತಿದೀನಿ. ಪೈನ್, ಸ್ಪ್ರೂಸ್, ಡಗ್ಲಸ್ ಫರ್ ಮರಗಳ ಬೀಜ ತಿನ್ನೋ ಹುಳಗಳ ಬಗ್ಗೆ ಒಂದು ಲೇಖನ ಕನ್ನಡಕ್ಕೆ ತರ್ತಾ ಇದೀನಿ, ಒಂದೇ ಪದಕ್ಕೆ ವಾರದಿಂದ ತಲೆ ಕೆಟ್ಟಿದೆ.

ವಿಷಯ ಇಷ್ಟು. ಅಮೆರಿಕ, ಕೆನಡಾ ಕಡೆ ಒಳ್ಳೇ ಮರ ಆರಿಸಿ, ಕಸಿ ಕಟ್ಟಿ, ಬೀಜಕ್ಕಂತಲೇ ತೋಟ ಮಾಡ್ತಾರೆ, ನಾವು ಅಪ್ಪೆಮಿಡಿ ಕಸಿ ಕಟ್ಟೋ ಹಾಗೇ. ತೋಟ ಒಂದೇ, ಮಣ್ಣು ಒಂದೇ, ಆದ್ರೂ ಒಂದು ಮರದ ಕಸಿಗಳಿಗೆ ವರ್ಷಾ ವರ್ಷ ಹುಳ ಜಾಸ್ತಿ, ಇನ್ನೊಂದರದ್ದಕ್ಕೆ ಕಮ್ಮಿ. ತೋಟದ ಯಾವ ಮೂಲೇಲಿ ನೆಟ್ರೂ ಹಾಗೇ ಅಂದ್ರೆ ಅದು ವಂಶದಿಂದ ಬಂದ ಗುಣ ಅನ್ನೋದು ಲೆಕ್ಕ. (ಈ ಮರಗಳ ಬೀಜ ಇರೋ ಕೋನ್‌ಗೆ ‘ಶಂಕು’ ಬಿಟ್ಟು ‘ಕಾಯಿ’ ಅಂತ್ಲೇ ಬರ್ದಿದೀನಿ, ಗಾಳಿಮರದ ಕಾಯಿ ನೋಡಿದೋರಿಗೆ ಆಕಾರ ಹೊಳೆಯತ್ತೆ. ಗಾಳಿಮರ ಆ ಜಾತೀದಲ್ಲ, ಹೂಬಿಡೋ ಮರ, ಅದಿರ್ಲಿ.)

ಈಗ ಪದ. ಕೀಟತಜ್ಞ ರೆಜಿನಾಲ್ಡ್ ಪೇಂಟರ್ 1951ರಲ್ಲೇ ಗಿಡ ಹುಳಕ್ಕೆ ಬಗ್ಗದೇ ಇರೋ ಗುಣಾನ ಮೂರು ಬಗೆ ಮಾಡಿಟ್ಟಿದಾರೆ, ನಮ್ಮ ಪುಸ್ತಕಗಳು ಮಾತ್ರ ಎಲ್ಲಕ್ಕೂ ‘ನಿರೋಧಕ ಶಕ್ತಿ’ ಅಂದು ಕೈತೊಳ್ಕೊಳ್ತಾವೆ. ಹುಳ ಆ ಗಿಡದ ಹತ್ರಾನೇ ಹೋಗಲ್ಲ, ಅಂದ್ರೆ ಹುಳಕ್ಕೆ ಅದು ‘ಸೇರಲ್ಲ’. ತಿಂದ್ರೂ ಮರಿ ಸಾಯತ್ತೆ ಇಲ್ಲಾ ಸೊರಗತ್ತೆ, ಅದು ‘ಒಗ್ಗಲ್ಲ’. ಅಡಿಗೆಮನೇಲಿ ದಿನಾ ಆಡೋ ಮಾತು, ಹಾಗಲಕಾಯಿ ಸೇರದೇ ಇರೋದು ಬೇರೆ, ಬದನೆಕಾಯಿ ಒಗ್ಗದೇ ಇರೋದು ಬೇರೆ ಅಂತ ಯಾರಿಗೂ ಹೇಳ್ಕೊಡ್ಬೇಕಿಲ್ಲ! ಹಾಗಾಗಿ ಸೇರದಿಕೆ, ಒಗ್ಗದಿಕೆ ಅಂತ ಮಾಡ್ಕೊಂಡ್ರೆ ಕಿವಿಗೆ ಒರಟಾಗತ್ತಾ?

ಮೂರನೇದು ‘ತಾಳಿಕೆ’, ಹುಳ ತಿಂದ್ರೂ ಗಿಡ ಸುಧಾರಿಸ್ಕೊಳ್ಳೋದು. ಬೀಜದ ವಿಷಯದಲ್ಲಿ ಇದು ಅಷ್ಟು ಹೊಂದಲ್ಲ ಅನ್ಸತ್ತೆ. ಮೆಗಾಸ್ಟಿಗ್ಮಸ್ ಅಂತ ಸಣ್ಣ ಕಣಜ ಇದೆ, ಎಳೇ ಕಾಯಿಗೆ ಸೂಜಿ ತೂರಿಸಿ ಬೀಜದೊಳಗೇ ಮೊಟ್ಟೆ ಇಡತ್ತೆ, ಮರಿ ಒಳಗೇ ಕೂತು ತಿಂದು ಬೆಳೆಯತ್ತೆ, ಹೊರಗಿಂದ ಬೀಜ ಚೆನ್ನಾಗೇ ಕಾಣತ್ತೆ, ಎಕ್ಸ್‌ರೇ ತೆಗೆದ್ರೇ ಗೊತ್ತಾಗೋದು. ತಿಂದ ಬೀಜ ಹೋಯ್ತು, ತಾಳೋದೇನು ಬಂತು?

ನಿಜವಾದ ತೊಡಕು ಆ ಮೂರರಾಚೆಗಿನ ನಾಲ್ಕನೇದು. ಕಣಜ ಹಾರೋ ಹೊತ್ತಿಗೆ ಕಾಯಿ ಇನ್ನೂ ಬಿಟ್ಟೇ ಇಲ್ಲ, ಇಲ್ಲಾ ಆಗ್ಲೇ ಬಲಿತುಬಿಟ್ಟಿದೆ ಅಂದ್ರೆ ಮರ ತಪ್ಪಿಸ್ಕೊಳ್ತು. ನಮ್ಮಲ್ಲಿ ಮಳೆಗೆ ಮುಂಚೆ ಹಣ್ಣಾಗೋ ಮಾವಿಗೆ ಹುಳ ಕಮ್ಮಿ ಇರಲ್ವಾ, ಹಾಗೆ. ಅದನ್ನ ನಿರೋಧಕ ಅನ್ನಕ್ಕೆ ಮನಸ್ಸು ಬರಲ್ಲ, ಆದ್ರೆ ಕಾಯಿ ಬಿಡೋ ಹೊತ್ತೂ ವಂಶದ ಗುಣವೇ ತಾನೆ. ‘ತಪ್ಪಿಕೆ’ ಅಂದ್ರೆ ತಪ್ಪು ಮಾಡೋದು ಅಂತಾಗತ್ತೆ, ‘ಪಾರಿಕೆ’ ಅಂತ ನಾನೇ ಕಟ್ಟಿದ್ದು, ಮನೇಲಿ ನಕ್ರು. ಹೊನ್ನಾಳಿ, ತೀರ್ಥಹಳ್ಳಿ ಕಡೆಯೋರು ಇಂಥಾ ಮರಕ್ಕೆ ಏನಂತೀರಿ?