ದೋಣಿಯ 'ಟ್ರಿಮ್'ಗೆ ಏನನ್ನೋಣ?

ಗೆಳೆಯರೇ, ಒಂದು ಪದದ ಹಿಂದೆ ಬಿದ್ದು ಎರಡು ವಾರ ಆಯಿತು. ಟ್ರಿಮ್. ಗಡ್ಡದ್ದಲ್ಲ, ದೋಣಿಯದು.

ನಮ್ಮ ಸೋದರಮಾವನ ಮಗ ಮುಂಡರಗಿ ತಾಲೂಕಿನ ಹಮ್ಮಿಗಿ ಬ್ಯಾರೇಜಿನ ಹಿನ್ನೀರಲ್ಲಿ ಮೀನು ಹಿಡಿಯುತ್ತಾನೆ. ಈ ಸಲ ಒಂದು ಉದ್ದ ದೋಣಿ ಮಾಡಿಸಿ, ಅದಕ್ಕೆ ಕೆಸರು ನೀರಲ್ಲೂ ಓಡುವ ಮೋಟರ್ ತರಿಸಿದ್ದಾನೆ. ಪಂಪ್‌ಸೆಟ್ಟಿನ ಥರದ, ಗಾಳಿಯಲ್ಲೇ ತಣಿಯುವ ಪೆಟ್ರೋಲ್ ಎಂಜಿನ್, ಅದಕ್ಕೊಂದು ಮಾರುದ್ದದ ಶಾಫ್ಟು, ತುದಿಗೆ ಫ್ಯಾನು. ಪ್ರೊಪೆಲ್ಲರಿಗೆ ಅವನು ಫ್ಯಾನು ಅಂತಲೇ ಅನ್ನೋದು, ನಾನೂ ಹಾಗೇ ಬರೆಯುತ್ತೇನೆ. ಥಾಯ್ಲೆಂಡಿನ ಉದ್ದಬಾಲದ ದೋಣಿಗಳನ್ನು ವಿಡಿಯೋದಲ್ಲಿ ನೋಡಿದ್ದರೆ, ಅದೇ ಜಾತಿ. ಜೊತೆಗೆ ಬಂದ ಇಂಗ್ಲಿಷ್ ಹಾಳೆಯನ್ನು ಕನ್ನಡ ಮಾಡಿಕೊಡು ಅಂದ. ಮೊದಲು ಮೊಬೈಲಿಗೆ ಹಾಕಿ ನೋಡಿದ್ದನಂತೆ, 'ದೋಣಿ ಓಡುವಾಗ ಮೋಟರನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸಿ' ಅಂತ ಬಂತಂತೆ!

ಕತ್ತರಿಸುವ ಅರ್ಥ ಆ ಪದಕ್ಕೆ ಆಮೇಲೆ ಬಂದದ್ದು. ಹಳೆ ಇಂಗ್ಲಿಷಿನಲ್ಲಿ ಅದರ ಮೂಲ ರೂಪಕ್ಕೆ ಗಟ್ಟಿ ಮಾಡು, ಅಣಿ ಮಾಡು ಅಂತ ಅರ್ಥ. ದೋಣಿಯವರ ಮಾತು ಆ ಹಳೆ ಅರ್ಥಕ್ಕೇ ಹತ್ತಿರ ಇದೆ.

ಈಗ ತೊಡಕು. ಹಾಳೆಯಲ್ಲಿ ಟ್ರಿಮ್ ಅನ್ನೋದು ಎರಡು ಬೇರೆ ಸಂಗತಿಗಳಿಗೆ ಬಳಕೆಯಾಗಿದೆ. ಒಂದು, ಶಾಫ್ಟನ್ನು ನೀರಿಗೆ ಎಷ್ಟು ಇಳಿಬಿಡಬೇಕು ಅನ್ನುವುದು. ಇನ್ನೊಂದು, ಅದರಿಂದ ದೋಣಿ ನೀರ ಮೇಲೆ ಹೇಗೆ ಕೂರುತ್ತದೆ, ಮೂತಿ ಎತ್ತಿದೆಯೋ ತಗ್ಗಿದೆಯೋ ಅನ್ನುವುದು. ಶಾಫ್ಟು ಜಾಸ್ತಿ ಇಳಿದು ಕಡಿದಾಗಿ ನಿಂತರೆ ಫ್ಯಾನು ನೀರನ್ನು ಹಿಂದಕ್ಕಷ್ಟೇ ಅಲ್ಲ, ಕೆಳಕ್ಕೂ ತಳ್ಳುತ್ತದೆ, ಆಗ ದೋಣಿಯ ಹಿಂಭಾಗ ಎದ್ದು ಮೂತಿ ನೀರಿಗೆ ಗುದ್ದುತ್ತದೆ, ಎಂಜಿನ್ನೂ ತಿಣುಕುತ್ತದೆ. ತೀರಾ ಮೇಲೆ ಬಂದರೆ ಫ್ಯಾನು ಗಾಳಿ ಎಳೆದುಕೊಳ್ಳುತ್ತದೆ. ಎಂಜಿನ್ ಕಿರುಚುತ್ತದೆ, ದೋಣಿ ಮುಂದೆ ಹೋಗಲ್ಲ. ಇವೆರಡರ ನಡುವಿನ ಜಾಗ ಹುಡುಕೋದೇ ಟ್ರಿಮ್ ಮಾಡೋದು. ಮುಂದೆ ಒಬ್ಬ ಜಾಸ್ತಿ ಕೂತರೆ ಮತ್ತೆ ಹುಡುಕಬೇಕು.

ಇದಕ್ಕೆ ನಮ್ಮ ಕಡೆ ಪದ ಇರಲೇಬೇಕು ಅಂದುಕೊಂಡು ನದಿ ದಂಡೆಯ ಹಿರಿಯರೊಬ್ಬರನ್ನು ಕೇಳಿದೆ. ಅವರು ನಕ್ಕರು. 'ಹರಗೋಲಿಗೆ ಮುಂದ್ಯಾವದು ಹಿಂದ್ಯಾವದು ತಮ್ಮಾ? ನಡುವ ಕುಂಡ್ರು ಅಂತೀವಿ, ಮುಗೀತು.' ಹೌದಲ್ವಾ! ಬುಟ್ಟಿಯ ಹಾಗೆ ದುಂಡಗಿರೋದಕ್ಕೆ ಮೂತಿಯೇ ಇಲ್ಲ. ಮೂತಿ ಇಲ್ಲದ ಮೇಲೆ ಅದು ಏಳೋದಕ್ಕೆ, ತಗ್ಗೋದಕ್ಕೆ ಪದ ಯಾಕೆ ಬೇಕು? ನಾನು ಹುಡುಕುತ್ತಿದ್ದ ಜಾಗವೇ ತಪ್ಪು.

ಪದ ಸಿಕ್ಕಿದ್ದು ಹೊಲದಲ್ಲಿ. ಚಕ್ಕಡಿ ಹೇರುವಾಗ 'ಮುಂದ ಭಾರ ಆತು, ಹಿಂದ ಭಾರ ಆತು' ಅಂತಾರಲ್ಲ, ದೋಣಿ ಕೂರುವ ಬಗೆಗೆ ಅದು ಸರಿಯಾಗಿ ಹೊಂದುತ್ತದೆ. ಮುಂದೆ ಭಾರವಾದರೆ ನೊಗ ಎತ್ತಿನ ಹೆಗಲು ಒತ್ತುತ್ತದೆ, ಹಿಂದೆ ಭಾರವಾದರೆ ನೊಗವೇ ಮೇಲೇಳುತ್ತದೆ. ಇನ್ನು ಕುಂಟಿ ಹೊಡೆಯುವಾಗ ಅದರ ಕುಡ, ಅಂದರೆ ಕಬ್ಬಿಣದ ಅಲಗು, ಮಣ್ಣು ಹಿಡಿಯದೇ ಹೋದರೆ 'ಕುಂಟಿ ತೇಲಾಕತೈತಿ' ಅಂತಾರೆ, ಮೇಲೊಂದು ಕಲ್ಲು ಹೇರುತ್ತಾರೆ. ಫ್ಯಾನು ನೀರು ಬಿಟ್ಟು ಗಾಳಿ ಹಿಡಿದಾಗ ನಮ್ಮ ಹುಡುಗ ತಾನಾಗೇ 'ತೇಲಾಕತೈತಿ' ಅಂದ. ಯಾರೂ ಹೇಳಿಕೊಟ್ಟಿರಲಿಲ್ಲ.

ಆದರೆ ಹೋಲಿಕೆ ಪೂರ್ತಿ ಕೂಡಲ್ಲ. ಕುಂಟಿಯನ್ನು ಒತ್ತಿದರೆ ಕುಡ ಇಳಿಯುತ್ತದೆ. ಇಲ್ಲಿ ಮೋಟರಿನ ಈ ತುದಿಯ ಹಿಡಿಕೆ ಒತ್ತಿದರೆ ಆ ತುದಿಯ ಫ್ಯಾನು ಏಳುತ್ತದೆ, ಏತದ ಹಾಗೆ. ಅದಕ್ಕೇ ಬರೀ 'ಇಳಿಸಿ' ಅಂತ ಬರೆದರೆ ಹಿಡಿಕೆ ಇಳಿಸಬೇಕೋ ಫ್ಯಾನು ಇಳಿಸಬೇಕೋ ಗೊತ್ತಾಗಲ್ಲ. ಎಲ್ಲ ಕಡೆ 'ಫ್ಯಾನು ಇಳಿಸಿ', 'ಫ್ಯಾನು ಎತ್ತಿ' ಅಂತಲೇ ಬರೆದಿದ್ದೇನೆ, ಉದ್ದ ಆದರೂ ಪರವಾಗಿಲ್ಲ.

ಒಟ್ಟು ಕೆಲಸಕ್ಕೆ 'ಹದ ಮಾಡು' ಇಟ್ಟಿದ್ದೇನೆ. ಗೆಳೆಯನೊಬ್ಬ 'ಸಮತೋಲನ' ಅಂದ, ನನಗೆ ಒಪ್ಪಿಗೆಯಾಗಲಿಲ್ಲ. ಇಲ್ಲಿ ಸಮ ಮಾಡೋದಲ್ಲ ಗುರಿ, ಮೂತಿ ಒಂದು ಚೂರು ಎತ್ತಿರಲೇಬೇಕು. ಹದಕ್ಕೆ ಆ ಸಡಿಲ ಇದೆ. ಒಂದೇ ಅಳುಕು, ನಮ್ಮ ಕಡೆ ಹದ ಅಂದರೆ ಮೊದಲು ನೆನಪಾಗೋದು ಮಳೆ ಬಿದ್ದ ಹೊಲ.

ವರದಾ, ತುಂಗಭದ್ರೆ ದಂಡೆಯ ಹಾವೇರಿ ಕಡೆಯವರು, ಉದ್ದ ದೋಣಿ ನಡೆಸಿ ಗೊತ್ತಿರುವವರು ಯಾರಾದರೂ ಇದ್ದರೆ ಹೇಳಿ. ದೋಣಿಯ ಮೂತಿ ಎದ್ದಾಗ, ತಗ್ಗಿದಾಗ ನಿಮ್ಮಲ್ಲಿ ಏನಂತಾರೆ? ಕರಾವಳಿಯ ಪದವೂ ಬರಲಿ, ಆದರೆ ಅದು ಸಮುದ್ರದ್ದು ಅಂತ ಗುರುತು ಹಾಕಿ. ಹಾಳೆ ಇನ್ನೂ ಜೆರಾಕ್ಸಿಗೆ ಕೊಟ್ಟಿಲ್ಲ.