ಪುಟ್ಟ ಕೋಣೆಯ ಸ್ಟುಡಿಯೊ: ಮೊದಲು ಸ್ಪೀಕರ್ ಜಾಗವೋ, ಗೋಡೆಯ ಫೋಮೋ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮನೆಯ ಒಂದು ಕೋಣೆಯನ್ನು ಮಿಕ್ಸಿಂಗ್ (ಹಾಡಿನ ಬೇರೆ ಬೇರೆ ಧ್ವನಿಗಳನ್ನು ಹದವಾಗಿ ಬೆರೆಸುವ) ಕೆಲಸಕ್ಕೆಂದೇ ತೆಗೆದಿರಿಸಿದ್ದೇನೆ. ಅದರ ಉದ್ದ 3.6 ಮೀಟರ್, ಅಗಲ 3 ಮೀಟರ್, ಎತ್ತರ 2.8 ಮೀಟರ್. ಮೇಜು ಉದ್ದದ ಗೋಡೆಗೆ ಒತ್ತಿಕೊಂಡಿದ್ದು, 5 ಅಂಗುಲದ ವೂಫರ್ (ಕೆಳಗಿನ ಸ್ವರಗಳನ್ನು ನುಡಿಸುವ ಭಾಗ) ಇರುವ ಎರಡು ಮಾನಿಟರ್‌ಗಳು, ಅಂದರೆ ಸ್ಟುಡಿಯೊ ಸ್ಪೀಕರ್‌ಗಳು, ಅದರ ಮೇಲೆಯೇ ಇವೆ. ನಾನು ಕುಳಿತಾಗ ಕಿವಿ ಹೆಚ್ಚುಕಡಿಮೆ ಕೋಣೆಯ ನಡುಮಧ್ಯಕ್ಕೆ ಬರುತ್ತದೆ. ಬೇಸ್ ಗಿಟಾರಿನ ಕೆಳಗಿನ ಕೆಲವು ಸ್ವರಗಳು ಇಲ್ಲಿ ಬಹುತೇಕ ಕೇಳಿಸುವುದೇ ಇಲ್ಲ. ಆದರೆ ಅದೇ ಮಿಕ್ಸನ್ನು ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿದರೆ ಅವೇ ಸ್ವರಗಳು ಗಾಯನವನ್ನು ಮುಚ್ಚುವಷ್ಟು ದಪ್ಪವಾಗಿರುತ್ತವೆ. ನಾಲ್ಕೂ ಗೋಡೆಗಳಿಗೆ ತೆಳು ಅಕೌಸ್ಟಿಕ್ ಫೋಮ್ ಅಂಟಿಸಿ, ಉಳಿದ ಕೊರತೆಯನ್ನು ಬೇಕಾದ ಆವರ್ತನಗಳನ್ನು ಏರಿಸಿ ಇಳಿಸುವ ಈಕ್ವಲೈಜರ್‌ನಿಂದ ಸರಿಪಡಿಸಬೇಕೆಂದಿದ್ದೇನೆ. ಈ ಕ್ರಮ ಸರಿಯೇ? ಫೋಮ್ ಹಾಕಿದರೆ ಪಕ್ಕದ ಮನೆಗೆ ಹೋಗುವ ಸದ್ದೂ ಕಡಿಮೆಯಾದೀತೇ?

ಉತ್ತರ 1

ಫೋಮ್ ಕೊಳ್ಳುವ ಮೊದಲು ಮೇಜನ್ನು ತಿರುಗಿಸಿ. ನಿಮ್ಮ ತೊಂದರೆಯ ಬಹುಪಾಲು ಕುಳಿತುಕೊಳ್ಳುವ ಜಾಗದಲ್ಲಿಯೇ ಇದೆ.

ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಎದುರುಬದುರು ಗೋಡೆಗಳ ನಡುವಣ ಅಂತರದ ಎರಡರಷ್ಟರಿಂದ ಭಾಗಿಸಿದರೆ, ಆ ಗೋಡೆಗಳ ನಡುವೆ ನಿಂತಲೆ (ಗೋಡೆಗಳ ನಡುವೆ ಹೋಗಿ ಮರಳುತ್ತಾ ನಿಂತಂತೆ ತೋರುವ ಶಬ್ದದ ಅಲೆ) ಏಳುವ ಅತ್ಯಂತ ಕೆಳಗಿನ ಆವರ್ತನ ಸಿಗುತ್ತದೆ. ನಿಮ್ಮ ಕೋಣೆಯ 3 ಮೀಟರ್ ಅಗಲಕ್ಕೆ ಅದು 57 ಹರ್ಟ್ಸ್, 2.8 ಮೀಟರ್ ಎತ್ತರಕ್ಕೆ 61 ಹರ್ಟ್ಸ್, 3.6 ಮೀಟರ್ ಉದ್ದಕ್ಕೆ 48 ಹರ್ಟ್ಸ್ ಆಗುತ್ತದೆ. ಇಂಥ ನಿಂತಲೆಯ ಒತ್ತಡ ಗೋಡೆಗಳ ಬಳಿ ಅತಿ ಹೆಚ್ಚು, ನಟ್ಟನಡುವೆ ಶೂನ್ಯಕ್ಕೆ ಹತ್ತಿರ. ನೀವು ಅಗಲದ ನಡುವಿನಲ್ಲಿ ಕುಳಿತಿದ್ದೀರಿ. ಕುಳಿತವರ ಕಿವಿ ನೆಲದಿಂದ ಸುಮಾರು 1.2 ಮೀಟರ್ ಮೇಲಿರುವುದರಿಂದ ಎತ್ತರದ ನಡುವಿಗೂ ಅದು ದೂರವಿಲ್ಲ. ಬೇಸ್ ಗಿಟಾರಿನ ತೆರೆದ ಎ ತಂತಿ 55 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ, ಅದರ ಮುಂದಿನ ಎರಡು ಸ್ವರಗಳು ಸುಮಾರು 58 ಮತ್ತು 62 ಹರ್ಟ್ಸ್. ಮರೆಯಾಗುತ್ತಿರುವುದು ಇವೇ ಸ್ವರಗಳೇ ಎಂದು ಒಮ್ಮೆ ಪರೀಕ್ಷಿಸಿ ನೋಡಿ.

ಮೇಜನ್ನು 3 ಮೀಟರ್ ಅಗಲದ ಗೋಡೆಯ ಕಡೆಗೆ ಒಯ್ದು, ಸ್ಪೀಕರ್‌ಗಳು ಕೋಣೆಯ ಉದ್ದಕ್ಕೆ ಮುಖ ಮಾಡುವಂತೆ ಇಡಿ. ಎಡಬಲ ಗೋಡೆಗಳಿಂದ ಎರಡು ಸ್ಪೀಕರ್‌ಗಳೂ ಸಮಾನ ದೂರದಲ್ಲಿರಬೇಕು. ಆಗ ಅಗಲದ 57 ಹರ್ಟ್ಸ್ ನಿಂತಲೆಯನ್ನು ಎರಡು ಸ್ಪೀಕರ್‌ಗಳು ಎದುರುಬದುರಾಗಿ ತಳ್ಳುತ್ತವೆ, ಹಾಗಾಗಿ ಎರಡರಲ್ಲೂ ಸಮನಾಗಿ ಬರುವ ಬೇಸ್ ಅದನ್ನು ಕೆರಳಿಸುವುದೇ ಕಡಿಮೆ. ಕಿವಿ ಮುಂದಿನ ಗೋಡೆಯಿಂದ ಉದ್ದದ ಶೇಕಡಾ 38ರಷ್ಟು ದೂರದಲ್ಲಿ, ಅಂದರೆ ಸುಮಾರು 1.37 ಮೀಟರ್‌ನಲ್ಲಿ ಇರಲಿ. ಅನೇಕರು ಈ ಅಂಕಿಯನ್ನು ಶಾಸನದಂತೆ ಹೇಳುತ್ತಾರೆ, ಆದರೆ ಅದು ಹುಡುಕಾಟವನ್ನು ಆರಂಭಿಸಲು ಒಳ್ಳೆಯ ಜಾಗ, ಅಷ್ಟೇ. ಎರಡು ಸ್ಪೀಕರ್‌ಗಳು ಮತ್ತು ನಿಮ್ಮ ತಲೆ ಸೇರಿ ಸುಮಾರು 1.1 ಮೀಟರ್ ಬಾಹುವಿನ ಸಮಬಾಹು ತ್ರಿಕೋನವಾಗಲಿ, ಮೇಲಿನ ಸ್ವರಗಳನ್ನು ನುಡಿಸುವ ಟ್ವೀಟರ್ ಕಿವಿಯ ಮಟ್ಟದಲ್ಲಿರಲಿ. ಸಾಧ್ಯವಾದರೆ ಸ್ಪೀಕರ್‌ಗಳನ್ನು ಮೇಜಿನಿಂದ ಇಳಿಸಿ ಮೇಜಿನ ಹಿಂದೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ.

ಸ್ಪೀಕರ್ ತನ್ನ ಹಿಂಬದಿಯ ಗೋಡೆಗೆ ಹತ್ತಿರವಾದರೆ ಕೆಡುತ್ತದೆ ಎಂಬ ಭಯ ಸಣ್ಣ ಕೋಣೆಯಲ್ಲಿ ಬೇಡ. ವೂಫರ್ ಗೋಡೆಯಿಂದ 1 ಮೀಟರ್ ದೂರವಿದ್ದರೆ ಗೋಡೆಯಿಂದ ಮರಳಿದ ಅಲೆ 86 ಹರ್ಟ್ಸ್‌ನ ಆಸುಪಾಸಿನಲ್ಲಿ ನೇರ ಶಬ್ದವನ್ನು ಅಳಿಸುತ್ತದೆ; ಅಂತರ 40 ಸೆಂಟಿಮೀಟರ್‌ಗೆ ಇಳಿದರೆ ಹೀಗೆ ಶಬ್ದ ಕುಗ್ಗುವ ಆ ಕುಳಿ ಸುಮಾರು 214 ಹರ್ಟ್ಸ್‌ಗೆ ಏರುತ್ತದೆ. ಅಲ್ಲಿ ಅದನ್ನು ತಡೆಯಲು 10 ಸೆಂಟಿಮೀಟರ್ ದಪ್ಪದ ಹೀರುವ ಪದಾರ್ಥ ಸಾಕಾಗುತ್ತದೆ. ಗೋಡೆಯ ಸಾಮೀಪ್ಯದಿಂದ ಬೇಸ್ ಹೆಚ್ಚಾದರೆ ಅದನ್ನು ತಗ್ಗಿಸುವ ಸ್ವಿಚ್ ಅನೇಕ ಮಾನಿಟರ್‌ಗಳ ಬೆನ್ನಿನಲ್ಲಿಯೇ ಇರುತ್ತದೆ.

ಉತ್ತರ 2

ಮೇಲಿನ ಮಾತಿಗೆ ನನ್ನ ಸಹಮತವಿದೆ. ಫೋಮ್ ಬಗ್ಗೆ ಮಾತ್ರ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಹಣ ಪೋಲಾಗುವುದು ಇಲ್ಲಿಯೇ.

ಎರಡೂವರೆ ಸೆಂಟಿಮೀಟರ್ ದಪ್ಪದ ಫೋಮ್ ಹೀರುವುದು ಮುಖ್ಯವಾಗಿ ಮೇಲಿನ ಆವರ್ತನಗಳನ್ನು. ನಾಲ್ಕೂ ಗೋಡೆಗಳಿಗೆ ಅದನ್ನು ಹೊದಿಸಿದರೆ ಕೋಣೆಯ ಹೊಳಪೆಲ್ಲ ಸತ್ತು, ಬೇಸ್ ಗುಮ್ಮೆನ್ನುವುದು ಹಾಗೆಯೇ ಉಳಿಯುತ್ತದೆ. 57 ಹರ್ಟ್ಸ್‌ನ ತರಂಗಾಂತರ 6 ಮೀಟರ್, ಅದರ ಕಾಲು ಭಾಗವೇ ಒಂದೂವರೆ ಮೀಟರ್. ಅಂಥ ಅಲೆಗೆ ತೆಳು ಹೊದಿಕೆ ಇದ್ದೂ ಇಲ್ಲದಂತೆ. ಮರದ ಚೌಕಟ್ಟಿನಲ್ಲಿ 10 ಸೆಂಟಿಮೀಟರ್ ದಪ್ಪದ ರಾಕ್‌ವೂಲ್ ಅಥವಾ ಗ್ಲಾಸ್‌ವೂಲ್ (ಕಲ್ಲಿನ ಅಥವಾ ಗಾಜಿನ ನಾರು) ಹಲಗೆಗಳನ್ನು ಕೂರಿಸಿ, ಗಾಳಿಯಾಡುವ ಬಟ್ಟೆ ಹೊದಿಸಿ, ಗೋಡೆಯಿಂದ ಇನ್ನೊಂದು 10 ಸೆಂಟಿಮೀಟರ್ ಬಿಟ್ಟು ತೂಗುಹಾಕಿ. ಆ ಖಾಲಿ ಜಾಗವೂ ಕೆಲಸ ಮಾಡುತ್ತದೆ. ನಾರು ಚರ್ಮಕ್ಕೂ ಉಸಿರಿಗೂ ತೊಂದರೆ ಕೊಡುವುದರಿಂದ ಕೆಲಸ ಮಾಡುವಾಗ ಕೈಗವಸು, ಮುಖಗವಸು ತಪ್ಪಿಸಬೇಡಿ.

ಮೊದಲ ಪ್ರತಿಫಲನದ ಜಾಗ, ಅಂದರೆ ಸ್ಪೀಕರ್ ಶಬ್ದ ಗೋಡೆಗೆ ಒಮ್ಮೆ ತಾಗಿ ನಿಮ್ಮ ಕಿವಿಗೆ ಬರುವ ಜಾಗ, ಹುಡುಕಲು ಕುರ್ಚಿಯಲ್ಲಿ ನೀವು ಕುಳಿತು, ಇನ್ನೊಬ್ಬರಿಗೆ ಪಕ್ಕದ ಗೋಡೆಯುದ್ದಕ್ಕೂ ಕನ್ನಡಿ ಸರಿಸಲು ಹೇಳಿ. ಎಲ್ಲಿ ನಿಮಗೆ ಸ್ಪೀಕರ್ ಕಾಣುತ್ತದೆಯೋ ಅಲ್ಲಿ ಹಲಗೆ ಬರಬೇಕು. ತಲೆಯ ಮೇಲಿನ ಛಾವಣಿಗೂ ಇದೇ ವಿಧಾನ. ಬೇಸ್ ಟ್ರ್ಯಾಪ್‌ಗಳಿಗೆ (ಬೇಸ್ ಹೀರುವ ದಪ್ಪ ಹೊದಿಕೆಗಳಿಗೆ) ಮೂಲೆಗಳೇ ಸರಿಯಾದ ಜಾಗ, ಏಕೆಂದರೆ ಎಲ್ಲ ನಿಂತಲೆಗಳ ಒತ್ತಡವೂ ಅಲ್ಲಿ ಕೂಡುತ್ತದೆ. ನೆಲದಿಂದ ಛಾವಣಿಯವರೆಗೆ, ಕನಿಷ್ಠ 30 ಸೆಂಟಿಮೀಟರ್ ದಪ್ಪಕ್ಕೆ ತುಂಬಿಸಿ. ಆಮೇಲೆ ನಿಮ್ಮ ಬೆನ್ನ ಹಿಂದಿನ ಗೋಡೆಗೆ ಹಲಗೆ ಹಾಕಿ.

ಪಕ್ಕದ ಮನೆಯ ವಿಷಯ ಬೇರೆಯೇ. ಸದ್ದನ್ನು ಹೊರಹೋಗದಂತೆ ತಡೆಯುವುದು ಗೋಡೆಯ ತೂಕ ಮತ್ತು ಬಾಗಿಲು ಕಿಟಕಿಗಳ ಸಂದುಗಳನ್ನು ಗಾಳಿಯಾಡದಂತೆ ಮುಚ್ಚುವುದು. ಫೋಮ್‌ನಿಂದ ಅದು ಆಗದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ. ಮರೆಯಾಗುತ್ತಿದ್ದದ್ದು ಎ ಮತ್ತು ಅದರ ಮುಂದಿನ ಸ್ವರಗಳೇ. ಆದರೆ 3 ಮೀಟರಿನ ಒಂದು ಗೋಡೆಯ ಮೂಲೆಯಲ್ಲಿ ಬಾಗಿಲಿದೆ, ಅಲ್ಲಿ ಟ್ರ್ಯಾಪ್ ಕಟ್ಟಲಾಗದು. ಈಕ್ವಲೈಜರ್ ಬಗ್ಗೆಯೂ ಒಂದು ಮಾತು ಹೇಳುವಿರಾ?

ಉತ್ತರ 3

ಬಾಗಿಲಿರುವ ಕಡೆಯನ್ನು ಬೆನ್ನಿಗೆ ಬಿಡಿ. ಸ್ಪೀಕರ್ ಇರುವ ತುದಿಯಲ್ಲಿ ಎಡಬಲದ ಸಮತೋಲ ಹೆಚ್ಚು ಮುಖ್ಯ. ಬಾಗಿಲ ಮೂಲೆಗೆ ಕಾಲಿರುವ ದಪ್ಪ ಹಲಗೆಯೊಂದನ್ನು ಮಾಡಿಸಿ, ಕೆಲಸದ ಹೊತ್ತಿನಲ್ಲಿ ಮಾತ್ರ ಅಡ್ಡಲಾಗಿ ನಿಲ್ಲಿಸಬಹುದು.

ಈಕ್ವಲೈಜರ್‌ಗೆ ಕೈಹಾಕುವುದು ಅಳತೆಯಾದ ಮೇಲೆಯೇ. ಕೋಣೆಯ ಶಬ್ದವನ್ನು ಅಳೆಯುವ ರೂಮ್ ಈಕ್ಯೂ ವಿಝಾರ್ಡ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಎಲ್ಲ ದಿಕ್ಕಿನಿಂದಲೂ ಸಮನಾಗಿ ಗ್ರಹಿಸುವ ಅಳತೆಯ ಮೈಕನ್ನು ಕಿವಿಯ ಜಾಗದಲ್ಲಿಟ್ಟು ಸ್ವೀಪ್ (ಕೆಳಗಿನ ಆವರ್ತನದಿಂದ ಮೇಲಕ್ಕೆ ಏರುವ ಧ್ವನಿ) ನುಡಿಸಿ. ಗ್ರಾಫಿನಲ್ಲಿ ಕಾಣುವ ಉಬ್ಬುಗಳನ್ನು ಈಕ್ವಲೈಜರ್ ತಗ್ಗಿಸಬಲ್ಲದು. ಆಳವಾದ ಕುಳಿಗಳನ್ನು ಅದು ತುಂಬಲಾರದು, ಏಕೆಂದರೆ ನೀವು ಎಷ್ಟು ಏರಿಸಿದರೂ ಗೋಡೆಯಿಂದ ಮರಳುವ ಅಲೆಯೂ ಅಷ್ಟೇ ಏರಿ ಮತ್ತೆ ಅಳಿಸುತ್ತದೆ, ವೂಫರ್ ಮೇಲೆ ಹೊರೆ ಬೀಳುವುದೊಂದೇ ಲಾಭ. ಅದಕ್ಕಾಗಿ ಕುರ್ಚಿಯನ್ನು 10 ಸೆಂಟಿಮೀಟರಿನಂತೆ ಹಿಂದೆ ಮುಂದೆ ಸರಿಸುತ್ತಾ ಪ್ರತಿ ಸಲವೂ ಅಳೆಯಿರಿ. 40ರಿಂದ 200 ಹರ್ಟ್ಸ್‌ವರೆಗಿನ ಗೆರೆ ಎಲ್ಲಿ ಅತಿ ಕಡಿಮೆ ಏರುಪೇರಾಗುತ್ತದೆಯೋ ಅಲ್ಲಿ ನೆಲಕ್ಕೆ ಟೇಪ್ ಅಂಟಿಸಿ ಗುರುತು ಮಾಡಿ, ಹಲಗೆಗಳ ಅಳತೆಯನ್ನು ಆಮೇಲೆ ತೆಗೆದುಕೊಳ್ಳಿ.