ಎಲ್‌ಎಂ386 ಗಿಟಾರ್ ಆಂಪ್: ವಾಲ್ಯೂಮ್ ಏರಿಸಿದರೆ ಪಟಪಟ ಸದ್ದು, ಜೊತೆಗೆ ಆಕಾಶವಾಣಿ ಬೇರೆ!

ಪ್ರಶ್ನೆ:
ರಾತ್ರಿ ಪ್ರಾಕ್ಟೀಸಿಗೆ ಅಂತ ಪುಟ್ಟದೊಂದು ಆಂಪ್ ಕಟ್ಟಿದ್ದೇನೆ. ಎಲ್‌ಎಂ386 ಐಸಿ (ಸದ್ದು ಹಿಗ್ಗಿಸುವ ಚಿಪ್), 9 ವೋಲ್ಟಿನ ಚೌಕ ಬ್ಯಾಟರಿ, ಹಳೆ ರೇಡಿಯೋದಿಂದ ಬಿಚ್ಚಿದ 8 ಓಮ್ ಸ್ಪೀಕರ್, ಎಲ್ಲ ಒಂದು ಪ್ಲಾಸ್ಟಿಕ್ ಟಿಫಿನ್ ಡಬ್ಬಿಯೊಳಗೆ. ಡೇಟಾಶೀಟಿನ ಸರ್ಕ್ಯೂಟೇ. 1 ಮತ್ತು 8ನೇ ಪಿನ್ ನಡುವೆ 10 ಮೈಕ್ರೋಫ್ಯಾರಡ್, ಅಂದರೆ ಗೇನ್ (ಹಿಗ್ಗಿಸುವ ಪಟ್ಟು) 200. ಇನ್‌ಪುಟ್ಟಿಗೆ 10ಕೆ (10 ಸಾವಿರ ಓಮ್) ಪಾಟ್, ಅದೇ ವಾಲ್ಯೂಮ್ ತಿರುಗಿಸುವ ಗುಂಡಿ. ವಾಲ್ಯೂಮ್ ಅರ್ಧ ದಾಟಿದ್ದೇ ತಡ, ಡೀಸೆಲ್ ಪಂಪ್‌ಸೆಟ್ ಥರ ಪಟಪಟ ಶುರುವಾಗುತ್ತದೆ. ಗಿಟಾರ್ ಸದ್ದು ಕಂಬಳಿ ಹೊದ್ದ ಹಾಗೆ ಮಂಕು. ಹಿಂದೆ ಸಣ್ಣಗೆ ಧಾರವಾಡ ಆಕಾಶವಾಣಿ. ನಾನಿರುವುದೂ ಧಾರವಾಡದಲ್ಲೇ. ಐಸಿ ಎರಡು ಸಲ ಬದಲಾಯಿಸಿದೆ, ಏನೂ ಪ್ರಯೋಜನವಿಲ್ಲ.

ಉತ್ತರ:
ಐಸಿ ಪಾಪ, ಅದರ ತಪ್ಪೇನಿಲ್ಲ. ನಿಮ್ಮದು ಮೂರು ಬೇರೆ ಬೇರೆ ತೊಂದರೆ, ಒಟ್ಟಿಗೆ ಬಿಡಿಸಲು ಹೋಗಬೇಡಿ.

ಮೊದಲು ಪಟಪಟ. ಚೌಕ ಬ್ಯಾಟರಿಯ ಒಳಗಿನ ರೆಸಿಸ್ಟೆನ್ಸ್ ಜಾಸ್ತಿ, ಅಗ್ಗದ ಝಿಂಕ್ ಕಾರ್ಬನ್ ಆದರಂತೂ ಕೇಳಲೇಬೇಡಿ. ಸ್ಪೀಕರ್ ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿಯುತ್ತದೆ, ಆ ಕುಸಿತ ಮತ್ತೆ ಇನ್‌ಪುಟ್ ಕಡೆಗೆ ನುಸುಳಿ ಸುತ್ತು ಹೊಡೆಯುತ್ತಲೇ ಇರುತ್ತದೆ. ಜೋರಾಗಿ ನುಡಿಸುತ್ತಾ ಬ್ಯಾಟರಿಗೆ ಮೀಟರ್ ಹಿಡಿದು ನೋಡಿ. 6ನೇ ಪಿನ್ನಿಗೂ ಗ್ರೌಂಡಿಗೂ ಮಧ್ಯೆ 220 ಮೈಕ್ರೋಫ್ಯಾರಡ್ ಹಾಕಿ, ಪಕ್ಕದಲ್ಲೇ ಒಂದು 0.1 ಮೈಕ್ರೋಫ್ಯಾರಡ್. ಐಸಿಗೆ ಅಂಟಿಕೊಂಡಂತೆ ಇರಬೇಕು, ಬೋರ್ಡಿನ ಇನ್ನೊಂದು ಮೂಲೆಯಲ್ಲಲ್ಲ. 7ನೇ ಪಿನ್ನಿಂದ ಗ್ರೌಂಡಿಗೆ 10 ಮೈಕ್ರೋಫ್ಯಾರಡ್. 5ನೇ ಪಿನ್ನಿಂದ ಗ್ರೌಂಡಿಗೆ 10 ಓಮ್ ಮತ್ತು 0.047 ಮೈಕ್ರೋಫ್ಯಾರಡ್ ಸರಣಿಯಲ್ಲಿ ಇದೆ ಅಲ್ವಾ? ಸುಮಾರು ಜನ ಅದನ್ನು ಬಿಟ್ಟುಬಿಡುತ್ತಾರೆ.

ಪ್ರಶ್ನೆ ಕೇಳಿದವರು:
ನುಡಿಸುವಾಗ 9.1 ಇದ್ದದ್ದು 6.8ಕ್ಕೆ ಬೀಳ್ತಿತ್ತು! ಆರು ಪೆನ್ಸಿಲ್ ಸೆಲ್ ಹಾಕಿದೆ, ನೀವು ಹೇಳಿದ ಕೆಪಾಸಿಟರ್‌ಗಳನ್ನೂ ಹಾಕಿದೆ. ಈಗ ಮುಕ್ಕಾಲರವರೆಗೆ ಚೆನ್ನಾಗಿದೆ. ಪೂರ್ತಿ ತಿರುಗಿಸಿದರೆ ಮತ್ತೆ ಪಂಪ್‌ಸೆಟ್.

ಉತ್ತರ:
ಸ್ಪೀಕರಿನ ಗ್ರೌಂಡ್ ತಂತಿ ಎಲ್ಲಿಗೆ ಸೇರಿದೆ? ಇನ್‌ಪುಟ್ ಜ್ಯಾಕಿನ ಗ್ರೌಂಡಿಗೇ ಬೆಸುಗೆ ಹಾಕಿದ್ದೀರಾ?

ಪ್ರಶ್ನೆ ಕೇಳಿದವರು:
ಹೌದು… ಹತ್ತಿರವಿತ್ತು ಅಂತ ಅಲ್ಲೇ ಹಾಕಿದ್ದೆ.

ಉತ್ತರ:
ಅದೇ ಕಳ್ಳ. ಸ್ಪೀಕರಿನ ಕರೆಂಟ್ ಜ್ಯಾಕಿನ ತೆಳು ತಂತಿಯಲ್ಲೇ ವಾಪಸ್ ಹೋಗುತ್ತಿದೆ. ಸ್ಪೀಕರ್, ಜ್ಯಾಕ್, 4ನೇ ಪಿನ್ ಮೂರಕ್ಕೂ ಬೇರೆ ಬೇರೆ ತಂತಿ ಎಳೆದು ಆ 220 ಮೈಕ್ರೋಫ್ಯಾರಡ್ ಕೆಪಾಸಿಟರಿನ ಮೈನಸ್ ಕಾಲಿಗೆ ಸೇರಿಸಿ.

ಇನ್ನು ಮಂಕು ಸದ್ದು. ಆ 10ಕೆ ಪಾಟ್ ಗಿಟಾರಿನ ಪಿಕಪ್ಪಿಗೆ (ತಂತಿಯ ಕಂಪನ ಹಿಡಿಯುವ ಕಾಯಿಲ್) ಭಾರಿ ಹೊರೆ. ಪಾಟ್ ತೆಗೆದರೂ ಐಸಿಯ ಇನ್‌ಪುಟ್ಟೇ ಸುಮಾರು 50ಕೆ. ಪಿಕಪ್ಪಿಗೆ 1 ಮೆಗಾಓಮ್ ಹತ್ತಿರ ಬೇಕು. ಹಾಗಾಗಿ ಮುಂದೆ ಒಂದು ಜೆಫೆಟ್ (ಗೇಟ್, ಡ್ರೇನ್, ಸೋರ್ಸ್ ಅಂತ ಮೂರು ಕಾಲಿನ ಟ್ರಾನ್ಸಿಸ್ಟರ್) ಕೂರಿಸಿ, ಎಂಪಿಎಫ್102 ಸಾಕು. ಗೇಟಿನಿಂದ ಗ್ರೌಂಡಿಗೆ 1 ಮೆಗಾ, ಡ್ರೇನ್ ಪ್ಲಸ್ಸಿಗೆ, ಸೋರ್ಸಿನಿಂದ ಗ್ರೌಂಡಿಗೆ 3.9ಕೆ. ಸೋರ್ಸಿನಿಂದ 1 ಮೈಕ್ರೋಫ್ಯಾರಡ್ ಮೂಲಕ ನಿಮ್ಮ ಅದೇ ಪಾಟಿಗೆ. ಕೊಳ್ಳುವಾಗ ಕಾಲುಗಳ ಕ್ರಮ ನೋಡಿಕೊಳ್ಳಿ, ನಾನು ತಿರುಗಿಸಿ ಹಾಕಿ ಒಂದು ಸಂಜೆ ಪೂರ್ತಿ ತಲೆ ಕೆರೆದುಕೊಂಡಿದ್ದೇನೆ. ಗೇನ್ 200 ಕೂಡ ಜಾಸ್ತಿಯೇ. 1-8ರ ಕೆಪಾಸಿಟರಿಗೆ ಸರಣಿಯಲ್ಲಿ 1.2ಕೆ ಹಾಕಿದರೆ 50ಕ್ಕೆ ಇಳಿಯುತ್ತದೆ. ಒಡೆದ ಸದ್ದೇ ಇಷ್ಟ ಅಂದರೆ ಹಾಗೇ ಬಿಡಿ.

ರೇಡಿಯೋ: ಧಾರವಾಡದ ಮೀಡಿಯಂ ವೇವ್ 765 ಕಿಲೋಹರ್ಟ್ಸ್. ನಿಮ್ಮ ಇನ್‌ಪುಟ್ ತಂತಿ ಆಂಟೆನಾ, ಐಸಿಯೊಳಗಿನ ಜಂಕ್ಷನ್ ಹಳೆ ಕ್ರಿಸ್ಟಲ್ ಸೆಟ್ಟಿನ ಡಯೋಡ್ ಕೆಲಸ ಮಾಡುತ್ತಿದೆ. ಜ್ಯಾಕಿನಿಂದ ಗೇಟಿಗೆ 10ಕೆ ಸರಣಿಯಲ್ಲಿ, ಗೇಟಿನಿಂದ ಗ್ರೌಂಡಿಗೆ 220 ಪಿಕೋಫ್ಯಾರಡ್. ಜ್ಯಾಕಿನ ತಂತಿ ಶೀಲ್ಡ್ ಇರುವುದೇ ಆಗಲಿ. ಪ್ಲಾಸ್ಟಿಕ್ ಡಬ್ಬಿ ಬಿಟ್ಟು ಸ್ಟೀಲ್ ಡಬ್ಬಿಗೆ ಹೋಗಿ, ಅದನ್ನೂ ಗ್ರೌಂಡ್ ಮಾಡಿ.

ಪ್ರಶ್ನೆ ಕೇಳಿದವರು:
ಪಂಪ್‌ಸೆಟ್ ನಿಂತಿತು. ಜೆಫೆಟ್ ಹಾಕಿದ ಮೇಲೆ ಇದು ನನ್ನ ಗಿಟಾರೇನಾ ಅನ್ನಿಸಿತು, ಅಷ್ಟು ವ್ಯತ್ಯಾಸ! ರೇಡಿಯೋ ಗಿಟಾರ್ ಚುಚ್ಚಿದಾಗ ಇಲ್ಲ, ಕೇಬಲ್ ಮಾತ್ರ ಚುಚ್ಚಿ ಸುಮ್ನೆ ಬಿಟ್ಟರೆ ಬರುತ್ತದೆ. ಅಮ್ಮ ಬೆಳಿಗ್ಗೆ ಅದರಲ್ಲೇ ಕೇಳ್ತಿದ್ದಾಳೆ, ಸದ್ಯಕ್ಕೆ ಸ್ಟೀಲ್ ಡಬ್ಬಿ ಬೇಡವಂತೆ.